ವೇಗಸ್ ರೆಸಾರ್ಟ್‌ಗಳ ಸ್ಟೇಕ್‌ಹೌಸ್: ಕಾಸಿಗೆ ತಕ್ಕ ಕಜ್ಜಾಯ ಸಿಗುತ್ತಾ?

ಬೆಣ್ಣೆದೋಸೆ ದಾವಣಗೆರೆ · ನವೆಂಬರ್ 7, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ಯಾನ್ ಹೋಸೆಯಿಂದ ಬರೆಯುತ್ತಿದ್ದೇನೆ. ಡಿಸೆಂಬರ್ 6ಕ್ಕೆ ನಾವು ನಾಲ್ಕು ಜನ ಲಾಸ್ ವೇಗಸ್‌ಗೆ ಹೊರಟಿದ್ದೇವೆ. ನಮ್ಮ ಮದುವೆಯಾಗಿ 20 ವರ್ಷ ತುಂಬುತ್ತದೆ. ಜೊತೆಗೆ ನನ್ನ ತಮ್ಮ ಮತ್ತು ಅವನ ಹೆಂಡತಿ ಬರುತ್ತಾರೆ. ನಾನೂ ತಮ್ಮನೂ ಬೀಫ್ ತಿನ್ನುತ್ತೇವೆ. ನನ್ನ ಹೆಂಡತಿ ಪೂರ್ತಿ ಸಸ್ಯಾಹಾರಿ. ತಮ್ಮನ ಹೆಂಡತಿ ಕೋಳಿ, ಮೀನು ತಿನ್ನುತ್ತಾಳೆ, ಬೀಫ್ ಮುಟ್ಟಲ್ಲ. ಒಂದು ರಾತ್ರಿ ದೊಡ್ಡ ರೆಸಾರ್ಟ್‌ನ ಒಳ್ಳೆಯ ಸ್ಟೇಕ್‌ಹೌಸ್‌ನಲ್ಲಿ, ಅಂದರೆ ಸ್ಟೇಕ್ ಅನ್ನುವ ದಪ್ಪ ಬೀಫ್ ತುಂಡು ಸುಟ್ಟು ಕೊಡುವ ಹೋಟೆಲಿನಲ್ಲಿ, ಕೂತು ನಿಧಾನವಾಗಿ ಊಟ ಮಾಡಬೇಕು ಅಂತ ಆಸೆ.

ಕೇಳೋಕೆ ಕಾರಣ ಇದೆ. ನಾಲ್ಕು ವರ್ಷದ ಹಿಂದೆ ನಾವಿಬ್ಬರೇ ಸ್ಟ್ರಿಪ್‌ನಲ್ಲಿ, ಅಂದರೆ ವೇಗಸ್‌ನ ದೊಡ್ಡ ರೆಸಾರ್ಟ್‌ಗಳಿರುವ ರಸ್ತೆಯಲ್ಲಿ, ಒಂದು ಕಡೆ ಹೋಗಿದ್ದೆವು. ಹೆಸರು ಬೇಡ. ಬಡಿಸುವ ಹುಡುಗ ಒಂದು ಮರದ ಹಲಗೆ ಹಿಡಿದುಕೊಂಡು ಬಂದ. ಅದರ ಮೇಲೆ ಹಸಿ ಮಾಂಸದ ಐದಾರು ತುಂಡು, ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದ್ದರು. ಬೆರಳು ಇಟ್ಟು ತೋರಿಸುತ್ತಾ ಪ್ರತಿಯೊಂದರ ಬಗ್ಗೆಯೂ ಹೇಳಿದ. ಕೊನೆಗೆ ಮೆನುವಿನಲ್ಲಿ ಇಲ್ಲದ ಒಂದು ತುಂಡು ತೋರಿಸಿ "ಇದು ಇವತ್ತಿನ ಸ್ಪೆಷಲ್" ಅಂದ. ನಾನು "ಅದೇ ಇರಲಿ" ಅಂದುಬಿಟ್ಟೆ. ರೇಟು ಕೇಳಲಿಲ್ಲ. ಮದುವೆಯ ವಾರ್ಷಿಕೋತ್ಸವದ ದಿನ ಹೆಂಡತಿ ಎದುರು ರೇಟು ಕೇಳೋದು ಹೇಗೆ ಅಂತ ಸಂಕೋಚ. ಬಿಲ್ ಬಂದಾಗ ಎದೆ ಧಸಕ್ ಅಂತು. ಆ ಒಂದು ತುಂಡಿಗೇ 185 ಡಾಲರ್. ಮೆನುವಿನಲ್ಲಿದ್ದ ರಿಬೈ (ಪಕ್ಕೆಲುಬಿನ ಭಾಗದ ಸ್ಟೇಕ್) 70ರ ಆಸುಪಾಸಿನಲ್ಲಿತ್ತು. ತೆರಿಗೆ, ಟಿಪ್ ಎಲ್ಲ ಸೇರಿ ಇಬ್ಬರಿಗೆ 430 ಚಿಲ್ಲರೆ ಆಯಿತು.

ದುಡ್ಡಿನದು ಒಂದು ಕಡೆ. ನನ್ನ ಹೆಂಡತಿಗೆ ಸಿಕ್ಕಿದ್ದು ಒಂದು ಬೆಂದ ಆಲೂಗಡ್ಡೆ ಮತ್ತು ಒಂದು ತಟ್ಟೆ ಎಲೆ. ರೂಮಿಗೆ ಬಂದ ಮೇಲೆ ಅವಳು ಬ್ಯಾಗಿನಿಂದ ಚಕ್ಕುಲಿ ಡಬ್ಬಿ ತೆಗೆದು ಮಂಚದ ಮೇಲೆ ಕೂತು ತಿಂದಳು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಈ ಸಲ ಹಾಗಾಗಬಾರದು. ಕಮ್ಮಿ ರೇಟಿನ ಜಾಗ ಹೇಳಿ ಅಂತ ಕೇಳುತ್ತಿಲ್ಲ. ಕೊಟ್ಟ ದುಡ್ಡಿಗೆ ನಾಲ್ಕೂ ಜನ ಹೊಟ್ಟೆ ತುಂಬಾ, ಖುಷಿಯಿಂದ ಉಂಡು ಏಳಬೇಕು. ತಿಳಿದವರು ಹೇಳಿ.

ಫೀನಿಕ್ಸ್ ಗೌಡ್ರು · ನವೆಂಬರ್ 7, ರಾತ್ರಿ 10:15

ಮೊದಲು ತಾರೀಕು ಬದಲಾಯಿಸಿ ಸರ್. ಡಿಸೆಂಬರ್ ಮೊದಲ ಎರಡು ವಾರದಲ್ಲಿ ಹತ್ತು ದಿನ ಅಲ್ಲಿ ನ್ಯಾಷನಲ್ ಫೈನಲ್ಸ್ ರೋಡಿಯೊ ಅಂತ ಕೌಬಾಯ್‌ಗಳ ದೊಡ್ಡ ಪಂದ್ಯ ನಡೆಯುತ್ತದೆ. 2020 ಒಂದು ವರ್ಷ ಬಿಟ್ಟರೆ 1985ರಿಂದ ವೇಗಸ್‌ನಲ್ಲೇ ನಡೆದುಕೊಂಡು ಬಂದಿದೆ. ದನ ಸಾಕುವವರು, ಕುದುರೆ ಸವಾರರು, ಅವರ ಮನೆಯವರು ಎಲ್ಲ ಬಂದು ಇಳಿದಿರುತ್ತಾರೆ. ಅವರು ರಾತ್ರಿ ಊಟಕ್ಕೆ ಎಲ್ಲಿಗೆ ಹೋಗ್ತಾರೆ ಹೇಳಿ? ಸ್ಟೇಕ್‌ಹೌಸ್‌ಗೇ. ಟೇಬಲ್ ಸಿಗೋದು ಕಷ್ಟ, ರೂಮಿನ ಬಾಡಿಗೆ ಜಾಸ್ತಿ.

ರೋಡಿಯೊ ಮುಗಿದ ಮೇಲೆ, ಕ್ರಿಸ್‌ಮಸ್‌ಗೆ ಮೊದಲು ಒಂದು ವಾರ ಊರು ಖಾಲಿ ಹೊಡೆಯುತ್ತಿರುತ್ತದೆ. ಅದರಲ್ಲೂ ಸೋಮವಾರದಿಂದ ಬುಧವಾರ. ನಾನು ಫೀನಿಕ್ಸ್‌ನಿಂದ ಐದು ಗಂಟೆ ಗಾಡಿ ಓಡಿಸಿಕೊಂಡು ಹೋಗೋದು ಆ ವಾರದಲ್ಲೇ. ಬಡಿಸುವವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ಒಳ್ಳೆಯ ಊಟಕ್ಕೆ ಅದು ಅರ್ಧ ಪಾಲು ಅಂತ ನನ್ನ ನಂಬಿಕೆ.

ಇನ್ನೊಂದು ಮಾತು. ತಲೆಗೊಂದು ಸ್ಟೇಕ್ ಹೇಳಬೇಡಿ. ಅಣ್ಣ ತಮ್ಮ ಸೇರಿ ಒಂದು ದೊಡ್ಡದು ತಗೊಳ್ಳಿ. ಕುಯ್ದು ಹಂಚಿ ಕೊಡಿ ಅಂದರೆ ಅಡುಗೆಮನೆಯಲ್ಲೇ ಕುಯ್ದು ತರುತ್ತಾರೆ. ಕೆಲವು ಕಡೆ ಹಂಚಿಕೊಳ್ಳೋದಕ್ಕೆ ಅಂತಲೇ ಸಣ್ಣ ಶುಲ್ಕ ಹಾಕ್ತಾರೆ, ಕೇಳಿಕೊಳ್ಳಿ.

ಒಲೆ ಮುಂದೆ ನಿಂತವನು · ನವೆಂಬರ್ 8, ಬೆಳಗ್ಗೆ 2:20

ಈಗಷ್ಟೇ ಕೆಲಸ ಮುಗಿಸಿ ಮನೆಗೆ ಬಂದೆ. ನಾನು ಉಡುಪಿ ಕಡೆಯವನು. ಮಣಿಪಾಲದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಕೆಲವು ವರ್ಷಗಳಿಂದ ಸ್ಟ್ರಿಪ್‌ನ ಒಂದು ರೆಸಾರ್ಟ್‌ನ ಸ್ಟೇಕ್‌ಹೌಸ್ ಅಡುಗೆಮನೆಯಲ್ಲಿ ಇದ್ದೇನೆ. ಯಾವುದು ಅಂತ ಹೇಳಲ್ಲ. ಆದರೆ ದಾವಣಗೆರೆಯವರ ಚಕ್ಕುಲಿ ಕತೆ ಓದಿ ಸುಮ್ಮನೆ ಮಲಗಲು ಮನಸ್ಸಾಗಲಿಲ್ಲ.

ಮೊದಲು ತೂಕದ ಲೆಕ್ಕ ಹೇಳುತ್ತೇನೆ. ಮೆನುವಿನಲ್ಲಿ ಔನ್ಸ್ ಅಂತ ಬರೆದಿರೋದು ಹಸಿ ತೂಕ. ಒಂದು ಔನ್ಸ್ ಅಂದರೆ 28 ಗ್ರಾಂ ಚಿಲ್ಲರೆ, 16 ಔನ್ಸ್ ಅಂದರೆ ಸುಮಾರು 454 ಗ್ರಾಂ. ಬೆಂದ ಮೇಲೆ ನೀರು, ಕೊಬ್ಬು ಇಳಿದು ಕಮ್ಮಿಯಾಗುತ್ತದೆ. ರೇಟನ್ನು ಔನ್ಸ್‌ನಿಂದ ಭಾಗಿಸಿ ನೋಡಿ. 16 ಔನ್ಸ್ ರಿಬೈ 84 ಡಾಲರ್ ಅಂದುಕೊಳ್ಳಿ, ಔನ್ಸ್‌ಗೆ ಐದೂಕಾಲು ಡಾಲರ್ ಬಿತ್ತು. 8 ಔನ್ಸ್ ಫಿಲೆ (ಬೆನ್ನೆಲುಬಿನ ಅಡಿಯ ಮೆತ್ತನೆಯ ಭಾಗ) 68 ಡಾಲರ್ ಅಂದರೆ ಔನ್ಸ್‌ಗೆ ಎಂಟೂವರೆ. ನೋಡೋಕೆ ಫಿಲೆ ಅಗ್ಗ, ಲೆಕ್ಕದಲ್ಲಿ ಅದೇ ದುಬಾರಿ. ಒಂದು ದನದಲ್ಲಿ ಆ ಭಾಗ ಸಿಗೋದೇ ಚೂರು, ಅದಕ್ಕೆ ಆ ರೇಟು. ಬೆಣ್ಣೆಯಂತೆ ಮೆತ್ತಗಿರುತ್ತದೆ, ಸರಿ. ಆದರೆ ಕೊಬ್ಬಿನ ಎಳೆ ಕಮ್ಮಿ, ಹಾಗಾಗಿ ರುಚಿಯೂ ಸೌಮ್ಯ.

ಟೊಮಹಾಕ್ ಅಂತ ಉದ್ದ ಮೂಳೆಯ ಜೊತೆ ಬರುತ್ತಲ್ಲ, ಎಲ್ಲರೂ ಫೋಟೊ ತೆಗೆಯೋದು, ಅದೂ ರಿಬೈಯೇ. 34 ಔನ್ಸ್‌ಗೆ 195 ಡಾಲರ್ ಅಂದರೆ ಔನ್ಸ್‌ಗೆ 5.75ರ ಹತ್ತಿರ, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಮೂಳೆಯೂ ಆ ತೂಕದಲ್ಲಿ ಸೇರಿದೆ. ಎಂಟು ಔನ್ಸ್ ಮೂಳೆ ಕಳೆದರೆ ಔನ್ಸ್‌ಗೆ ಏಳೂವರೆ ಡಾಲರ್ ಆಯಿತು. ಆ ಮೂಳೆಯಿಂದ ಮಾಂಸದ ರುಚಿ ಹೇಳಿಕೊಳ್ಳುವಷ್ಟು ಬದಲಾಗಲ್ಲ. ನಾನೇ ದಿನಾ ಬೇಯಿಸುತ್ತೇನೆ, ನಂಬಿ.

ನಿಮ್ಮಿಬ್ಬರಿಗೆ ನಾನು ಹೇಳೋದು ಪೋರ್ಟರ್‌ಹೌಸ್. ಇಂಗ್ಲಿಷಿನ ಟಿ ಆಕಾರದ ಮೂಳೆ ನಡುವೆ, ಒಂದು ಕಡೆ ಸ್ಟ್ರಿಪ್ (ಆ ರಸ್ತೆಯಲ್ಲ, ಬೆನ್ನಿನ ಭಾಗದ ತುಂಡಿನ ಹೆಸರು), ಇನ್ನೊಂದು ಕಡೆ ಫಿಲೆ. ಟಿ-ಬೋನ್ ಕೂಡ ಇದೇ ತುಂಡು, ಆದರೆ ಫಿಲೆ ಭಾಗ ಚಿಕ್ಕದು. ಪೋರ್ಟರ್‌ಹೌಸ್ ಅಂತ ಕರೆಯಬೇಕಾದರೆ ಫಿಲೆ ಕಡೆ ಕನಿಷ್ಠ ಒಂದೂಕಾಲು ಇಂಚು ಅಗಲ ಇರಬೇಕು ಅಂತ ಅಮೆರಿಕದ ಕೃಷಿ ಇಲಾಖೆಯ ನಿಯಮ. ಇಬ್ಬರು ಹಂಚಿಕೊಂಡರೆ ಎರಡು ರುಚಿ ಸಿಗುತ್ತದೆ. ಮೂಳೆ ಇದರಲ್ಲೂ ಇದೆ, ಆದರೆ ಟೊಮಹಾಕ್‌ನಷ್ಟು ಅಲ್ಲ.

ಇನ್ನು ಹೇಗೆ ಬೇಯಿಸಬೇಕು ಅನ್ನೋದು. ನಮ್ಮವರು ತುಂಬಾ ಜನ ವೆಲ್ ಡನ್, ಅಂದರೆ ಪೂರ್ತಿ ಬೇಯಿಸಿ, ಅಂತಾರೆ. ತಪ್ಪಿಲ್ಲ, ನಿಮ್ಮ ತಟ್ಟೆ ನಿಮ್ಮ ಇಷ್ಟ. ಆದರೆ ಫಿಲೆಯನ್ನು ವೆಲ್ ಡನ್ ಮಾಡಿಸಿದರೆ ಕೊಟ್ಟ ದುಡ್ಡು ಒಲೆಗೆ ಹೋಯಿತು ಅಂತಲೇ ಲೆಕ್ಕ, ಒಣಗಿ ಹತ್ತಿಯಂತಾಗುತ್ತದೆ. ಚೆನ್ನಾಗಿ ಬೇಯಲೇಬೇಕು ಅನ್ನೋರು ಕೊಬ್ಬು ಜಾಸ್ತಿ ಇರುವ ರಿಬೈ ತಗೊಳ್ಳಿ. ತಟ್ಟೆಯಲ್ಲಿ ಕೆಂಪಗೆ ಇಳಿಯುವುದು ರಕ್ತ ಅಂತ ಹೆದರುತ್ತಾರೆ. ಅದು ರಕ್ತ ಅಲ್ಲ. ಮಾಂಸಖಂಡದಲ್ಲಿರುವ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ನೀರಿನ ಜೊತೆ ಸೇರಿ ಹಾಗೆ ಕಾಣುತ್ತದೆ. ನಿಮಗೆ ಅಭ್ಯಾಸ ಇಲ್ಲದಿದ್ದರೆ ಮೀಡಿಯಂ (ನಡುವೆ ಸ್ವಲ್ಪ ಗುಲಾಬಿ ಬಣ್ಣ ಉಳಿಯುವಷ್ಟು) ಅಂತ ಹೇಳಿ. ಕಮ್ಮಿ ಬೆಂದಿದೆ ಅನ್ನಿಸಿದರೆ ವಾಪಸ್ ಕಳಿಸಿ, ಇನ್ನೆರಡು ನಿಮಿಷ ಇಟ್ಟು ಕೊಡುತ್ತೇವೆ. ಜಾಸ್ತಿ ಬೆಂದದ್ದನ್ನು ನಾವೂ ಸರಿ ಮಾಡಲಾರೆವು.

ಸ್ಪೆಷಲ್ ಬಗ್ಗೆ. ರೇಟು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ ಸರ್. ಕೋಟಿ ದುಡ್ಡಿದ್ದವರೂ ಕೇಳುತ್ತಾರೆ. "ಇದು ಎಷ್ಟು ಔನ್ಸ್, ಎಷ್ಟು ಡಾಲರ್?" ಅಷ್ಟೇ ಮಾತು. ಕೇಳದೇ ಇರೋರಲ್ಲಿ ನಮ್ಮವರೇ ಜಾಸ್ತಿ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಶಿರಸಿ ಅಪ್ಪೆಮಿಡಿ · ನವೆಂಬರ್ 8, ಬೆಳಗ್ಗೆ 8:05

ದಾವಣಗೆರೆ ಅಣ್ಣ, ನಿಮ್ಮ ಮನೆಯವರ ಪರವಾಗಿ ನಾನು ಮಾತಾಡುತ್ತೇನೆ. ನಾನೂ ಸಸ್ಯಾಹಾರಿ, ಗಂಡನ ಆಫೀಸಿನ ಊಟಗಳಿಗೆ ಅಂತ ಸ್ಟೇಕ್‌ಹೌಸ್ ಮೆಟ್ಟಿಲು ಬೇಕಾದಷ್ಟು ಹತ್ತಿದ್ದೇನೆ.

ಟೇಬಲ್ ಬುಕ್ ಮಾಡುವಾಗಲೇ ಫೋನ್ ಮಾಡಿ ಹೇಳಿ. ಆ್ಯಪ್‌ನಲ್ಲಿ ಒಂದು ಸಾಲು ಬರೆದು ಬಿಟ್ಟರೆ ಸಾಲದು. "ಮೊಟ್ಟೆ, ಹಾಲು ನಡೆಯುತ್ತೆ, ಮಾಂಸ ಮೀನು ಮತ್ತು ಅವುಗಳ ಸಾರು ಬೇಡ. ಶೆಫ್ ಏನಾದರೂ ಪೂರ್ತಿ ಊಟ ಮಾಡಿಕೊಡಬಹುದಾ?" ಅಂತ ಕೇಳಿ. ದೊಡ್ಡ ರೆಸಾರ್ಟ್‌ಗಳ ಅಡುಗೆಮನೆಗೆ ಇದೇನೂ ಹೊಸತಲ್ಲ. ಮುಂಚೆ ಗೊತ್ತಿದ್ದರೆ ಮಾಡುತ್ತಾರೆ. ಹೋಗಿ ಕೂತ ಮೇಲೆ ಕೇಳಿದರೆ ಅದೇ ಬೆಂದ ಆಲೂಗಡ್ಡೆ.

ಸಾರಿನ ವಿಷಯ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನೋಡೋಕೆ ಸಸ್ಯಾಹಾರ ಅನ್ನಿಸೋದರಲ್ಲೇ ಏಟು ತಿನ್ನೋದು. ಫ್ರೆಂಚ್ ಈರುಳ್ಳಿ ಸೂಪಿಗೆ ಬೀಫ್ ಸಾರು ಹಾಕುತ್ತಾರೆ. ಅಣಬೆ ರಿಸೊಟ್ಟೊ (ಇಟಲಿಯ ಮೆತ್ತನೆಯ ಅನ್ನ) ಬಹಳ ಕಡೆ ಕೋಳಿ ಸಾರಿನಲ್ಲಿ ಬೇಯುತ್ತದೆ. ಸೀಸರ್ ಸಲಾಡ್‌ನ ಡ್ರೆಸಿಂಗ್‌ನಲ್ಲಿ ಆಂಚೊವಿ ಅನ್ನುವ ಸಣ್ಣ ಮೀನು ಇರುತ್ತದೆ. ವೆಜ್ ಸಲಾಡ್ ಅಂತ ಕಿವಿಗೆ ಬಿದ್ದು ಒಂದು ಸಲ ಮೋಸ ಹೋದೆ, ಅದು ವೆಡ್ಜ್, ಅಂದರೆ ಲೆಟಿಸ್ ಗೆಡ್ಡೆಯ ದೊಡ್ಡ ಹೋಳು. ಮೇಲೆ ಬೇಕನ್ (ಹಂದಿ ಮಾಂಸ) ಚೂರು ಉದುರಿಸಿದ್ದರು. ಬ್ರಸೆಲ್ಸ್ ಸ್ಪ್ರೌಟ್ಸ್ ಅನ್ನುವ ಪುಟ್ಟ ಕೋಸಿಗೂ ಬೇಕನ್ ಸೇರಿಸುತ್ತಾರೆ. ಆಲೂ ಫ್ರೈಸ್ ಕೆಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಅದನ್ನು ಹೆಮ್ಮೆಯಿಂದ ಮೆನುವಿನಲ್ಲಿ ಬರೆದೂ ಇರುತ್ತಾರೆ. ಪಾರ್ಮಿಜಾನೊ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ, ಅಷ್ಟು ಕಟ್ಟುನಿಟ್ಟು ಇರೋರು ಅದನ್ನೂ ಕೇಳಿ.

ನನಗೆ ಹಿಡಿಸಿದ್ದು ಸೈಡ್‌ಗಳು, ಅಂದರೆ ಜೊತೆಗೆ ನೆಂಚಿಕೊಳ್ಳುವ ಪಲ್ಯದಂಥವು. ಸ್ಟೇಕ್‌ಹೌಸ್‌ನಲ್ಲಿ ಸೈಡ್ ಅಂದರೆ ಇಬ್ಬರು ಮೂವರು ಹಂಚಿಕೊಳ್ಳುವಷ್ಟು ದೊಡ್ಡ ಬಟ್ಟಲು. ಕೆನೆ ಹಾಕಿದ ಪಾಲಕ್, ಕೆನೆ ಹಾಕಿದ ಮೆಕ್ಕೆಜೋಳ, ಮ್ಯಾಕ್ ಆ್ಯಂಡ್ ಚೀಸ್ (ಚೀಸ್ ಬೆರೆಸಿದ ಪಾಸ್ತಾ), ಬೆಣ್ಣೆಯಲ್ಲಿ ಹುರಿದ ಅಣಬೆ. ನಾಲ್ಕು ಜನಕ್ಕೆ ಮೂರು ಸೈಡ್ ಸಾಕೋ ಸಾಕು. ನಮ್ಮವರು ತಲೆಗೊಂದು ಹೇಳಿ ಅರ್ಧ ಬಿಟ್ಟು ಬರುತ್ತಾರೆ.

ಬಸವನಗುಡಿ ಬೋಸ್ಟನ್ · ನವೆಂಬರ್ 8, ಬೆಳಗ್ಗೆ 9:30

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಕಾಸಿಗೆ ತಕ್ಕ ಕಜ್ಜಾಯ ಬೇಕು ಅಂದರೆ ರೆಸಾರ್ಟ್ ಒಳಗೆ ಯಾಕೆ ಹುಡುಕಬೇಕು? ಹೊರಗೆ ಹೆಜ್ಜೆ ಇಡಿ. ಸಹಾರಾ ಅವೆನ್ಯೂನಲ್ಲಿ ಗೋಲ್ಡನ್ ಸ್ಟಿಯರ್ ಇದೆ, 1958ರಿಂದ ನಡೆಯುತ್ತಿದೆ. ಹಾಡುಗಾರ ಫ್ರಾಂಕ್ ಸಿನಾತ್ರಾ ಕೂರುತ್ತಿದ್ದ ಜಾಗ ಈಗಲೂ ತೋರಿಸುತ್ತಾರೆ. ಹರ್ಬ್ಸ್ ಆ್ಯಂಡ್ ರೈ ಅನ್ನುವ ಕಡೆ ಹ್ಯಾಪಿ ಅವರ್‌ನಲ್ಲಿ (ರಿಯಾಯಿತಿ ಕೊಡುವ ಹೊತ್ತಿನಲ್ಲಿ) ಸ್ಟೇಕ್ ಅರ್ಧ ರೇಟಿಗೆ ಕೊಡೋದಕ್ಕೇ ಹೆಸರುವಾಸಿ. ಎಲ್ಲಿಸ್ ಐಲ್ಯಾಂಡ್ ಅನ್ನುವ ಸಣ್ಣ ಕ್ಯಾಸಿನೊದ ಸ್ಟೇಕ್ ಸ್ಪೆಷಲ್ ಬಹಳ ವರ್ಷದಿಂದ ಬಾಯಿಂದ ಬಾಯಿಗೆ ಹರಡಿಕೊಂಡು ಬಂದಿದೆ. ರೆಸಾರ್ಟ್‌ನಲ್ಲಿ ನಾವು ಕೊಡೋದು ಕಟ್ಟಡದ ಬಾಡಿಗೆ, ಗೋಡೆಗೆ ಹಚ್ಚಿದ ಚಿನ್ನದ ಬಣ್ಣ.

ಬೆಣ್ಣೆದೋಸೆ ದಾವಣಗೆರೆ · ನವೆಂಬರ್ 8, ಮಧ್ಯಾಹ್ನ 12:10

ಬಸವನಗುಡಿ ಸರ್, ನಿಮ್ಮ ಮಾತು ಒಪ್ಪುತ್ತೇನೆ. ಆದರೆ 20 ವರ್ಷದ ಹಿಂದೆ ನಮ್ಮ ಮದುವೆ ಆದದ್ದು ಹರಿಹರದ ಒಂದು ಛತ್ರದಲ್ಲಿ, ಹೊಳೆ ಪಕ್ಕ. ಇವಳಿಗೆ ನೀರು ಕಾಣುವ ಜಾಗದಲ್ಲಿ ಕೂರೋದು ಅಂದರೆ ಪ್ರಾಣ. ಅದಕ್ಕೇ ರೆಸಾರ್ಟ್ ಅಂತ ಹಟ ಹಿಡಿದಿದ್ದೇನೆ. ಆ ಜಾಗಕ್ಕೆ ಸ್ವಲ್ಪ ಜಾಸ್ತಿ ಹೋದರೂ ನನಗೆ ಬೇಜಾರಿಲ್ಲ.

ಗೌಡ್ರೆ, ತಾರೀಕು 15ಕ್ಕೆ ಹಾಕಿದೆ. ಸೋಮವಾರ ಹೋಗಿ ಬುಧವಾರ ವಾಪಸ್. ರೂಮ್ ಬಾಡಿಗೆ ಅರ್ಧಕ್ಕಿಂತ ಕಮ್ಮಿ ಆಯಿತು. ನಿಮಗೆ ದೊಡ್ಡ ನಮಸ್ಕಾರ.

ಫೀನಿಕ್ಸ್ ಗೌಡ್ರು · ನವೆಂಬರ್ 8, ಮಧ್ಯಾಹ್ನ 12:45

ನೀರು ಬೇಕು ಅಂದರೆ ಎರಡು ಜಾಗ ಗ್ಯಾರಂಟಿ. ಬೆಲಾಜಿಯೊ ಒಳಗಿನ ಪ್ರೈಮ್ ಅನ್ನುವ ಸ್ಟೇಕ್‌ಹೌಸ್, ಆ ರೆಸಾರ್ಟ್ 1998ರಲ್ಲಿ ತೆರೆದಾಗಿನಿಂದ ಇದೆ, ಕಾರಂಜಿಯ ಕೊಳದ ದಡದಲ್ಲೇ. ರಾತ್ರಿ ಹೊತ್ತು ಕಾಲು ಗಂಟೆಗೊಮ್ಮೆ ಕಾರಂಜಿ ಏಳುತ್ತದೆ. ಇನ್ನೊಂದು ವಿನ್ ರೆಸಾರ್ಟ್‌ನಲ್ಲಿರುವ ಎಸ್‌ಡಬ್ಲ್ಯೂ ಅನ್ನುವ ಸ್ಟೇಕ್‌ಹೌಸ್, ಅದರ ಎದುರಿಗೆ ಲೇಕ್ ಆಫ್ ಡ್ರೀಮ್ಸ್ ಅಂತ ಕೊಳ, ಕತ್ತಲಾದ ಮೇಲೆ ಬೆಳಕಿನ ಆಟ ನಡೆಯುತ್ತದೆ. ಅಲ್ಲಿ ಊಟಕ್ಕೆ ಕೂತವರಿಗೆ ಆಟ ನೋಡೋಕೆ ಬೇರೆ ಟಿಕೆಟ್ ಇಲ್ಲ. ಎರಡೂ ಕಡೆ ಕಿಟಕಿ ಪಕ್ಕ ಅಥವಾ ಹೊರಗಿನ ಟೇಬಲ್ ಬೇಕು ಅಂತ ಮೊದಲೇ ಹೇಳಬೇಕು. ಅದೂ ಕೊಟ್ಟೇ ಕೊಡುತ್ತಾರೆ ಅಂತ ಮಾತು ಕೊಡಲ್ಲ, ಬೇಗ ಹೋದವರಿಗೆ ಸಿಗುವ ಸಂಭವ ಜಾಸ್ತಿ.

ಕಾರಂಜಿ ಸಾಕು, ಸ್ಟೇಕ್‌ಹೌಸ್ ಅಂತಲೇ ಬೋರ್ಡ್ ಇರಬೇಕಾಗಿಲ್ಲ ಅನ್ನೋದಾದರೆ ಪ್ಯಾರಿಸ್ ಹೋಟೆಲ್‌ನ ಮೋನ್ ಅಮಿ ಗಾಬಿ ಇದೆ. ರಸ್ತೆ ಆಚೆಗೆ ಕಾರಂಜಿ. ತೆಳ್ಳಗೆ ತಟ್ಟಿ ಬೇಯಿಸಿದ ಸ್ಟೇಕ್, ಜೊತೆಗೆ ಫ್ರೈಸ್ ರಾಶಿ. ನೀರು ನೋಡುತ್ತಾ ಸ್ಟೇಕ್ ತಿನ್ನೋಕೆ ಸ್ಟ್ರಿಪ್‌ನಲ್ಲಿ ಅದಕ್ಕಿಂತ ಹಗುರವಾದ ಬಿಲ್ ನಾನು ಕಂಡಿಲ್ಲ.

ಕುಶಾಲನಗರ ಕಾಫಿ · ನವೆಂಬರ್ 8, ಸಂಜೆ 6:30

ನಾವು ಕೊಡಗಿನವರು, ಪಂದಿಕರಿ ತಿಂದು ಬೆಳೆದವರು. ಬೀಫ್ ತಿನ್ನದವರು ಸ್ಟೇಕ್‌ಹೌಸ್‌ಗೆ ಹೋದರೆ ನಷ್ಟ ಅಂತ ಅಂದುಕೊಳ್ಳಬೇಡಿ. ಎರಡು ಮೂಳೆಯ ದಪ್ಪ ಪೋರ್ಕ್ ಚಾಪ್ ಸ್ಟೇಕ್‌ನ ಅರ್ಧ ರೇಟಿಗೆ ಸಿಗುತ್ತದೆ, ಅದೇ ಒಲೆ, ಅದೇ ಕೈ. ನಿಮ್ಮ ತಮ್ಮನ ಹೆಂಡತಿಗೆ ಅರ್ಧ ಕೋಳಿ ಹೇಳಿ. ಒಳ್ಳೆ ಸ್ಟೇಕ್‌ಹೌಸ್‌ನ ಕೋಳಿಯನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಚರ್ಮ ಗರಿಗರಿ, ಒಳಗೆ ರಸ. ನಮ್ಮತ್ತೆ ಅದನ್ನೇ ಕೇಳಿ ತಿನ್ನುತ್ತಾರೆ.

ಒಲೆ ಮುಂದೆ ನಿಂತ ತಮ್ಮಾ, ಒಂದು ಪ್ರಶ್ನೆ. ಬೀಫ್ ಬೇಯಿಸಿದ ಜಾಲರಿಯ ಮೇಲೇ ಕೋಳಿ, ಮೀನು ಬೇಯಿಸ್ತಾರಾ?

ಒಲೆ ಮುಂದೆ ನಿಂತವನು · ನವೆಂಬರ್ 9, ಬೆಳಗ್ಗೆ 2:50

ಅಕ್ಕಾ, ಮುಚ್ಚಿಡೋದು ಬೇಡ. ಹೌದು, ಬಹಳ ಅಡುಗೆಮನೆಗಳಲ್ಲಿ ಜಾಲರಿ ಒಂದೇ. ಉಜ್ಜುತ್ತೇವೆ, ಆದರೆ ಬೇರೆ ಇರಲ್ಲ. ಬೀಫ್ ಮುಟ್ಟದವರು "ಬೇರೆ ಬಾಣಲೆಯಲ್ಲಿ ಮಾಡಿಕೊಡಿ" ಅಂತ ಕೇಳಿ. ಕೋಳಿಯನ್ನು, ಮೀನನ್ನು ಬಾಣಲೆಯಲ್ಲಿಟ್ಟು ಓವನ್‌ನಲ್ಲಿ ಮುಗಿಸೋದು ನಮಗೆ ಕಷ್ಟವೇ ಅಲ್ಲ. ಅಲರ್ಜಿ ಇರುವವರಿಗೆ ದಿನಾ ಮಾಡುತ್ತೇವೆ. ಅಣಬೆಯ ಸೈಡ್ ಬಗ್ಗೆಯೂ ಕೇಳಿ. ಕೆಲವು ಕಡೆ ಕೊನೆಯಲ್ಲಿ ಒಂದು ಚಮಚ ಮಾಂಸದ ಗಟ್ಟಿ ರಸ ಹಾಕುತ್ತಾರೆ. ಶಿರಸಿ ಅಕ್ಕ ಹೇಳಿದ್ದೆಲ್ಲ ನಿಜ.

ಲೆಕ್ಕದ ಮೇಷ್ಟ್ರು ಮಗ · ನವೆಂಬರ್ 9, ಬೆಳಗ್ಗೆ 10:20

ಯಾರೂ ರೂಮಿನ ಜೊತೆ ಬರುವ ಕ್ರೆಡಿಟ್, ಅಂದರೆ ಹೋಟೆಲ್ ಬಿಲ್‌ನಲ್ಲಿ ಕಳೆಯುವ ಮೊತ್ತದ ಬಗ್ಗೆ ಹೇಳಲಿಲ್ಲ. ಅಮೆಕ್ಸ್ (ಅಮೆರಿಕನ್ ಎಕ್ಸ್‌ಪ್ರೆಸ್) ಪ್ಲಾಟಿನಂ ಕಾರ್ಡ್ ಇರುವವರು ಆ ಕಂಪನಿಯ ಫೈನ್ ಹೋಟೆಲ್ಸ್ ಆ್ಯಂಡ್ ರೆಸಾರ್ಟ್ಸ್ ಅನ್ನುವ ಯೋಜನೆ ಮೂಲಕ ಬುಕ್ ಮಾಡಿದರೆ 100 ಡಾಲರ್ ಕ್ರೆಡಿಟ್, ಇಬ್ಬರಿಗೆ ಬೆಳಗಿನ ತಿಂಡಿ ಸಿಗುತ್ತದೆ. ವೇಗಸ್‌ನಲ್ಲಿ ವಾರದ ನಡುವಿನ ಬಾಡಿಗೆ ಕಮ್ಮಿ, ಹಾಗಾಗಿ ಈ ಕ್ರೆಡಿಟ್‌ನ ತೂಕ ಬೇರೆ ಊರಿಗಿಂತ ಇಲ್ಲಿ ಜಾಸ್ತಿ. ರೆಸಾರ್ಟ್‌ನವರೇ ಊಟದ ಕ್ರೆಡಿಟ್ ಸೇರಿಸಿ ಮಾರುವ ಪ್ಯಾಕೇಜ್‌ಗಳೂ ಬರುತ್ತಿರುತ್ತವೆ.

ಒಂದು ಎಚ್ಚರಿಕೆ. ರೆಸಾರ್ಟ್ ಒಳಗಿರುವ ಎಲ್ಲಾ ರೆಸ್ಟೋರೆಂಟ್ ರೆಸಾರ್ಟ್‌ನದ್ದೇ ಅಲ್ಲ. ಎಷ್ಟೋ ಕಡೆ ಹೊರಗಿನವರು ಜಾಗ ಬಾಡಿಗೆಗೆ ತಗೊಂಡು ನಡೆಸುತ್ತಾರೆ. ಅಂಥ ಕಡೆ ಈ ಕ್ರೆಡಿಟ್ ನಡೆಯದೇ ಇರಬಹುದು. ಚೆಕ್ ಇನ್ ಮಾಡುವಾಗ "ಈ ಸ್ಟೇಕ್‌ಹೌಸ್ ಬಿಲ್ ರೂಮಿಗೆ ಹಾಕಿಸಿದರೆ ಕ್ರೆಡಿಟ್ ಕಳೆಯುತ್ತಾ?" ಅಂತ ಬಾಯಿಬಿಟ್ಟು ಕೇಳಿ. ಊಟ ಆದ ಮೇಲೆ ಕಾರ್ಡ್ ಉಜ್ಜಬೇಡಿ, ರೂಮ್ ನಂಬರ್ ಬರೆಯಿರಿ.

ತೆರಿಗೆ ಅಲ್ಲಿ 8.375 ಪರ್ಸೆಂಟ್. ಟಿಪ್ 18ರಿಂದ 20 ಪರ್ಸೆಂಟ್ ಕೊಡೋದು ರೂಢಿ, ತೆರಿಗೆ ಸೇರಿಸುವ ಮೊದಲಿನ ಮೊತ್ತದ ಮೇಲೆ ಲೆಕ್ಕ ಹಾಕಿ. ಅಂದರೆ ಮೆನುವಿನ 100 ಡಾಲರ್ ಜೇಬಿನಿಂದ ಹೋಗುವಾಗ 128 ಆಗಿರುತ್ತದೆ. ಮೆನು ನೋಡುವಾಗಲೇ ಇದು ತಲೆಯಲ್ಲಿರಲಿ.

ತುಮಕೂರು ತಟ್ಟೆಇಡ್ಲಿ · ನವೆಂಬರ್ 9, ಬೆಳಗ್ಗೆ 11:00

ಟಿಪ್ ಅಂದಿದ್ದಕ್ಕೆ ನಮ್ಮ ಅನುಭವ ಹೇಳುತ್ತೇನೆ. ನಾವು ಎಂಟು ಜನ ಹೋಗಿದ್ದೆವು. ಬಿಲ್ ಕಪ್ಪು ಚರ್ಮದ ಫೋಲ್ಡರ್‌ನಲ್ಲಿ ಬಂತು. ಮಂದ ಬೆಳಕು. ಕೆಳಗೆ ಟಿಪ್ ಅಂತ ಖಾಲಿ ಗೆರೆ ಇತ್ತು, ನಮ್ಮ ಮಾವ 20 ಪರ್ಸೆಂಟ್ ಬರೆದು ಸಹಿ ಹಾಕಿದರು. ಮರುದಿನ ಬೆಳಕಿನಲ್ಲಿ ನೋಡಿದರೆ, ಮೇಲೆ ಸಣ್ಣ ಅಕ್ಷರದಲ್ಲಿ 20 ಪರ್ಸೆಂಟ್ ಸೇವಾ ಶುಲ್ಕ ಆಗಲೇ ಸೇರಿತ್ತು. ಎರಡು ಸಲ ಕೊಟ್ಟೆವು. ಜಾಗದ ಹೆಸರು ಬೇಡ. ಆರು ಜನಕ್ಕಿಂತ ಮೇಲಿದ್ದರೆ ಹೀಗೆ ತಾವೇ ಸೇರಿಸೋದು ಬಹಳ ಕಡೆ ಇದೆ. ಫೋನಿನ ಟಾರ್ಚ್ ಹಾಕಿ ಬಿಲ್ ಓದಿ. ನಾಚಿಕೊಳ್ಳೋದು ಏನೂ ಇಲ್ಲ.

ಮತ್ತೆ ನೀರು. ಕೂತ ಕೂಡಲೇ "ಸ್ಟಿಲ್ ಆರ್ ಸ್ಪಾರ್ಕ್ಲಿಂಗ್?" ಅಂತಾರೆ, ಸಾದಾ ನೀರಾ ಸೋಡಾ ಥರದ್ದಾ ಅಂತ. ಎರಡರಲ್ಲಿ ಯಾವುದು ಹೇಳಿದರೂ ದುಡ್ಡಿನ ಬಾಟಲಿ ಬಂತು, ಖಾಲಿ ಆದ ಹಾಗೆ ಇನ್ನೊಂದು ತೆರೀತಾರೆ. "ಐಸ್ ವಾಟರ್" ಅನ್ನಿ, ಪುಕ್ಕಟೆ.

ಬೆಣ್ಣೆದೋಸೆ ದಾವಣಗೆರೆ · ನವೆಂಬರ್ 9, ರಾತ್ರಿ 8:15

ನೀರಿನ ಬಾಟಲಿ! ಹೋದ ಸಲ ಮೂರು ತೆರೆದಿದ್ದರು. ಬಿಟ್ಟಿ ಅಂದುಕೊಂಡಿದ್ದೆ.

ನನ್ನ ತಮ್ಮ ವಾಗ್ಯು ಅನ್ನುವ ಬೀಫ್ ತಿನ್ನಲೇಬೇಕು ಅಂತ ಕೂತಿದ್ದಾನೆ. ಔನ್ಸ್‌ಗೆ ಇಷ್ಟು ಅಂತ ಬರೆದಿರುತ್ತಾರಂತೆ. ಅದು ತಗೊಳ್ಳಬಹುದಾ?

ಒಲೆ ಮುಂದೆ ನಿಂತವನು · ನವೆಂಬರ್ 10, ಬೆಳಗ್ಗೆ 3:05

ವಾಗ್ಯು ಅಂದರೆ ಜಪಾನಿ ಭಾಷೆಯಲ್ಲಿ ಜಪಾನಿನ ದನ ಅಂತ ಅಷ್ಟೇ. ಅಮೆರಿಕದಲ್ಲಿ ಆ ತಳಿಯನ್ನು ಆಂಗಸ್ ಅನ್ನುವ ಇನ್ನೊಂದು ದನದ ತಳಿಯ ಜೊತೆ ಬೆರೆಸಿ ಬೆಳೆಸಿದ್ದಕ್ಕೂ ವಾಗ್ಯು ಅಂತಲೇ ಹೆಸರು. ಅದು ಬೇರೆ, ಜಪಾನಿನಿಂದ ಬರುವ ಎ5 ಬೇರೆ. ಎ5 ಅನ್ನೋದರಲ್ಲಿ ಎ ಅಕ್ಷರ ಒಂದು ದನದಿಂದ ಎಷ್ಟು ಮಾಂಸ ಸಿಗುತ್ತದೆ ಅನ್ನೋದಕ್ಕೆ, 5 ಗುಣಮಟ್ಟಕ್ಕೆ. ಕೊಬ್ಬಿನ ಎಳೆಗಳಿಗೆ 12ರವರೆಗೆ ಅಂಕ ಕೊಡುತ್ತಾರೆ, 8ರಿಂದ ಮೇಲೆ ಬಂದದ್ದು ಮಾತ್ರ 5ನೇ ದರ್ಜೆ. ಕೋಬೆ ಅನ್ನೋದು ಜಪಾನಿನ ಹ್ಯೋಗೊ ಪ್ರಾಂತ್ಯದ ತಾಜಿಮಾ ತಳಿಯದು ಮಾತ್ರ. ಅದು ಅಮೆರಿಕಕ್ಕೆ ರಫ್ತಾಗಲು ಶುರುವಾಗಿದ್ದೇ 2012ರಲ್ಲಿ. ಹಾಗಾಗಿ ಸಿಕ್ಕ ಸಿಕ್ಕಲ್ಲಿ ಕೋಬೆ ಅಂತ ಬರೆದಿದ್ದರೆ ನಂಬಬೇಡಿ, ಪ್ರಮಾಣಪತ್ರ ತೋರಿಸಿ ಅಂತ ಕೇಳಬಹುದು.

ತಮ್ಮನವರಿಗೆ ಹೇಳಿ, ಎ5 ಅನ್ನು ಹೊಟ್ಟೆ ತುಂಬಾ ತಿನ್ನಲು ಆಗಲ್ಲ. ಮೈಸೂರು ಪಾಕಿನ ಹಾಗೆ, ಎರಡು ತುಂಡಿಗೆ ಸಾಕಾಗುತ್ತದೆ. ಬಾಯಲ್ಲಿಟ್ಟರೆ ಕರಗಿ ತುಪ್ಪ. ಕನಿಷ್ಠ ಎಷ್ಟು ಔನ್ಸ್ ತಗೊಳ್ಳಬೇಕು ಅಂತ ಕೇಳಿ, ಎರಡೋ ಮೂರೋ ಔನ್ಸ್ ಕೊಡುವ ಕಡೆ ಅಷ್ಟೇ ಹೇಳಿ, ಎಲ್ಲರಿಗೂ ಮೊದಲು ಅದು ಬರಲಿ. ಹಸಿವಿರುವಾಗ ಅದರ ರುಚಿ ಗೊತ್ತಾಗುತ್ತದೆ. ವಾಗ್ಯು ಬರ್ಗರ್‌ಗೆ ಮಾತ್ರ ಜಾಸ್ತಿ ದುಡ್ಡು ಕೊಡಬೇಡಿ. ಅರೆದ ಮೇಲೆ ಆ ಎಳೆಗಳ ಅಂದ ಎಲ್ಲಿ ಉಳಿಯಿತು? ಕೊಬ್ಬನ್ನು ಯಾವ ಮಾಂಸಕ್ಕೆ ಬೇಕಾದರೂ ಸೇರಿಸಿ ಅರೆಯಬಹುದು.

ಆದರೆ ಸ್ಟೇಕ್‌ಹೌಸ್‌ನ ಸಾಮಾನ್ಯ ಬರ್ಗರ್ ಬಿಡಬೇಡಿ. ಪ್ರೈಮ್ ಅನ್ನುವ ಮೇಲ್ದರ್ಜೆಯ ತುಂಡುಗಳನ್ನು ಚೊಕ್ಕ ಮಾಡುವಾಗ ಉಳಿಯುವ ಚೂರು, ಕೆಲವೊಮ್ಮೆ 28 ದಿನ ತಣ್ಣಗಿನ ಕೋಣೆಯಲ್ಲಿಟ್ಟು ಹದ ಮಾಡಿದ ಮಾಂಸದ ಚೂರು, ಅದರಲ್ಲಿ ಬೀಳುತ್ತದೆ. ಅದು ಊಟದ ಟೇಬಲ್‌ನ ಮೆನುವಿನಲ್ಲಿ ಇರಲ್ಲ, ಬಾರ್‌ನಲ್ಲಿ ಕೂತವರಿಗೆ ಮಾತ್ರ ಕೊಡುವ ಕಡೆಗಳಿವೆ. ನೀವು ಇನ್ನೊಂದು ಸಂಜೆ ಇಬ್ಬರೇ ಹೋಗೋದಾದರೆ, ಐದು ಐದೂವರೆಗೆ ಬಾಗಿಲು ತೆರೆದ ಕೂಡಲೇ ಬಾರ್‌ನಲ್ಲಿ ಕೂತು ಅದನ್ನು ತಿನ್ನಿ. ನನ್ನ ರಜೆ ದಿನ ನಾನು ತಿನ್ನೋದು ಅದನ್ನೇ.

ಬಸವನಗುಡಿ ಬೋಸ್ಟನ್ · ನವೆಂಬರ್ 10, ಬೆಳಗ್ಗೆ 9:00

ಒಲೆಯವರ ಮಾತು ಓದಿ ನನ್ನ ಅಭಿಪ್ರಾಯ ಸ್ವಲ್ಪ ಸಡಿಲ ಆಯಿತು. ಬಾರ್ ಕಡೆ ನಾನು ಯೋಚನೆಯೇ ಮಾಡಿರಲಿಲ್ಲ. ಜೂನ್‌ನಲ್ಲಿ ಹೋಗುವವರಿಗೆ ಒಂದು ಮಾತು: ಆಗ ಅಲ್ಲಿ ರೆಸ್ಟೋರೆಂಟ್ ವೀಕ್ ನಡೆಯುತ್ತದೆ. ಥ್ರೀ ಸ್ಕ್ವೇರ್ ಅನ್ನುವ ಆಹಾರ ನಿಧಿ ನಡೆಸೋದು. ದೊಡ್ಡ ಸ್ಟೇಕ್‌ಹೌಸ್‌ಗಳೂ ಮೂರು ಬಗೆಯ ಊಟವನ್ನು ಒಂದೇ ನಿಗದಿತ ರೇಟಿಗೆ ಕೊಡುತ್ತವೆ, ಅದರಲ್ಲಿ ಒಂದು ಪಾಲು ಹಸಿದವರ ಊಟಕ್ಕೆ ಹೋಗುತ್ತದೆ. ಬಿಸಿಲು ಮಾತ್ರ ರಾಯಚೂರನ್ನು ಮೀರಿಸುತ್ತದೆ.

ಬೆಣ್ಣೆದೋಸೆ ದಾವಣಗೆರೆ · ಡಿಸೆಂಬರ್ 18, ರಾತ್ರಿ 10:30

ಹೋಗಿ ಬಂದೆವು. ಎಲ್ಲಿ ಅಂತ ಹೆಸರು ಬರೆಯಲ್ಲ, ಮೆನು, ರೇಟು ಆಗಾಗ ಬದಲಾಗುತ್ತವೆ. ನೀರು ಕಾಣುವ ಟೇಬಲ್ ಸಿಕ್ಕಿತು. ಮಂಗಳವಾರ ಸಂಜೆ 5:45ಕ್ಕೇ ಹೋಗಿದ್ದು ಸಾರ್ಥಕ.

ಈ ಸಲವೂ ಅದೇ ಥರ ಹಲಗೆ ಬಂತು, ಸ್ಪೆಷಲ್ ಅಂತ ಒಂದು ತುಂಡು ತೋರಿಸಿದರು. ನಾನು ಕೇಳಿದೆ: ಎಷ್ಟು ಔನ್ಸ್, ಎಷ್ಟು ಡಾಲರ್? ಬಡಿಸುವ ಹೆಂಗಸು ಕಣ್ಣು ಮಿಟುಕಿಸದೆ ಹೇಳಿದರು, 40 ಔನ್ಸ್, 260 ಡಾಲರ್. ಬೇಡ ಅಂದೆ. ಅವರೇ ಮುಂದುವರಿದು, "ನಿಮ್ಮಿಬ್ಬರಿಗೆ ಪೋರ್ಟರ್‌ಹೌಸ್ ಸರಿಹೋಗುತ್ತೆ" ಅಂದರು. ನಮ್ಮ ಒಲೆಯವರು ಹೇಳಿದ ಮಾತೇ! ನನ್ನ ತಮ್ಮ ಮೆನುವಿನಲ್ಲಿ ಎ5 ರೇಟು ನೋಡಿ ತಾನೇ ಮುಂದಿನ ಸಲಕ್ಕೆ ಅಂದ.

ಬಿಲ್ ಹೀಗಿತ್ತು. 36 ಔನ್ಸ್ ಪೋರ್ಟರ್‌ಹೌಸ್ 165, ಅರ್ಧ ಕೋಳಿ 46, ರಿಸೊಟ್ಟೊ 38, ಮೂರು ಸೈಡ್ ಸೇರಿ 54, ಎರಡು ಗ್ಲಾಸ್ ವೈನ್ 44. ಒಟ್ಟು 347. ತೆರಿಗೆ 29, ಟಿಪ್ 69. ಎಲ್ಲ ಸೇರಿ 445 ಚಿಲ್ಲರೆ. ಮೇಷ್ಟ್ರ ಮಗ ಹೇಳಿದ ಹಾಗೆ ರೂಮಿಗೆ ಹಾಕಿಸಿದೆ, 100 ಡಾಲರ್ ಕ್ರೆಡಿಟ್ ಕಳೆಯಿತು. ಕೊಟ್ಟಿದ್ದು 345. ಹೋದ ಸಲ ಇಬ್ಬರಿಗೆ 430 ಆಗಿತ್ತು, ಈ ಸಲ ನಾಲ್ಕು ಜನ ಉಂಡೆವು. ಕ್ರೆಡಿಟ್ ಬಿಟ್ಟು ನೋಡಿದರೂ ಒಳ್ಳೆಯ ಲೆಕ್ಕವೇ. ಅರ್ಧ ಮ್ಯಾಕ್ ಆ್ಯಂಡ್ ಚೀಸ್ ಉಳಿದು ಕಟ್ಟಿಸಿಕೊಂಡು ಬಂದೆವು. ಸ್ಟ್ರಿಪ್ ಭಾಗ ನನಗೆ, ಫಿಲೆ ತಮ್ಮನಿಗೆ ಅಂತ ಮಾತಾಗಿತ್ತು. ಕೊನೆಗೆ ಇಬ್ಬರೂ ಎರಡನ್ನೂ ತಿಂದೆವು.

ಶಿರಸಿ ಅಪ್ಪೆಮಿಡಿ · ಡಿಸೆಂಬರ್ 18, ರಾತ್ರಿ 10:50

ಅದೆಲ್ಲ ಸರಿ ಅಣ್ಣ. ಅತ್ತಿಗೆ ಊಟ ಹೇಗಾಯಿತು, ಅದು ಹೇಳಿ.

ಬೆಣ್ಣೆದೋಸೆ ದಾವಣಗೆರೆ · ಡಿಸೆಂಬರ್ 18, ರಾತ್ರಿ 11:15

ನಾನೇ ಬರೆಯುತ್ತಿದ್ದೇನೆ, ಅವರ ಹೆಂಡತಿ. ಅವರ ಫೋನ್ ಕಿತ್ತುಕೊಂಡೆ.

ನೀವು ಹೇಳಿದ ಹಾಗೆ ಇವರು ಮುಂಚೆಯೇ ಫೋನ್ ಮಾಡಿದ್ದರು. ಆದರೂ ಟೇಬಲ್‌ನಲ್ಲಿ ನಾನು ಇನ್ನೊಂದು ಸಲ ಕೇಳಿದೆ, ರಿಸೊಟ್ಟೊಗೆ ಯಾವ ಸಾರು ಅಂತ. ಬಡಿಸುವವರು ಒಳಗೆ ಹೋಗಿ ಕೇಳಿಕೊಂಡು ಬಂದರು. ಎಂದಿನದು ಕೋಳಿ ಸಾರು, ನಿಮಗೆ ಅಂತ ತರಕಾರಿ ಸಾರು ಬೇರೆ ಇಟ್ಟಿದ್ದಾರೆ, ಹೊಸದಾಗಿ ಮಾಡೋಕೆ 25 ನಿಮಿಷ ಆಗುತ್ತೆ, ಪರವಾಗಿಲ್ಲವಾ ಅಂದರು. ಪರವಾಗಿಲ್ಲ ಅಂದೆ. ಅಷ್ಟರಲ್ಲಿ ನೀರಿನ ಆಟ ಎರಡು ಸಲ ಆಯಿತು. ರಿಸೊಟ್ಟೊ ಬಂದಾಗ ಮೇಲೆ ಹುರಿದ ಅಣಬೆ, ಪಕ್ಕದಲ್ಲಿ ಸುಟ್ಟ ಬೆಳ್ಳುಳ್ಳಿಯ ಇಡೀ ಗೆಡ್ಡೆ. ನಮ್ಮ ಕಡೆ ಗಂಜಿ ಅನ್ನ ಮೆತ್ತಗೆ ಬೆಂದಾಗ ಬರುವ ಘಮ ಬಂತು. ಕೆನೆ ಹಾಕಿದ ಜೋಳ ಬಹಳ ಹಿಡಿಸಿತು, ಸ್ವಲ್ಪ ಹಸಿಮೆಣಸಿನಕಾಯಿ ಬಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಮನೆಯಲ್ಲಿ ಮಾಡಿ ನೋಡಬೇಕು. ಜೋಳವನ್ನು ಅರ್ಧ ಅರೆದು ಹಾಕುತ್ತಾರಾ, ಇಡಿಯಾಗಿ ಹಾಕುತ್ತಾರಾ? ಒಲೆಯವರು ಕೆಲಸ ಮುಗಿಸಿ ಬಂದ ಮೇಲೆ ಹೇಳಲಿ.

ಒಲೆ ಮುಂದೆ ನಿಂತವನು · ಡಿಸೆಂಬರ್ 19, ಬೆಳಗ್ಗೆ 2:35

ಅರ್ಧ ಇಡಿ, ಅರ್ಧ ಅರೆದು ಅಕ್ಕ. ತೆನೆಯಿಂದ ಕಾಳು ಕುಯ್ದ ಮೇಲೆ ಚಾಕುವಿನ ಬೆನ್ನಿನಿಂದ ತೆನೆಯನ್ನು ಕೆರೆದರೆ ಹಾಲು ಇಳಿಯುತ್ತದೆ, ಅದನ್ನು ಚೆಲ್ಲಬೇಡಿ, ಅರೆದ ಜೋಳದ ಜೊತೆ ಸೇರಿಸಿ. ಹಸಿಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಬೆಣ್ಣೆಯಲ್ಲಿ ಮೊದಲೇ ಬಾಡಿಸಿಕೊಳ್ಳಿ.